ಹಿಡಿದದ್ದು ಊರಿಗೆಲ್ಲ ಗೊತ್ತು

ಅಮೆರಿಕದ ದೊಡ್ಡ ನಗರದಲ್ಲಿ ಯಾರನ್ನಾದರೂ ಬಂಧಿಸಿದರೆ ತಿಳಿದುಕೊಳ್ಳುವುದು ಕಷ್ಟವಲ್ಲ. ಹಳ್ಳಿಗಾಡಿನ ಕೌಂಟಿಯಾದರೆ ಯಾವ ಕಚೇರಿಗೆ ಫೋನ್ ಮಾಡಬೇಕು ಎಂಬಲ್ಲಿಂದಲೇ ತೊಡಕು ಶುರು. ಆ ದೇಶದಲ್ಲಿ ಕೌಂಟಿಗಳು ಮೂರು ಸಾವಿರಕ್ಕೂ ಹೆಚ್ಚು. ನಮ್ಮ ಜಿಲ್ಲೆಗಳಂತೆ ಅಂದುಕೊಳ್ಳಬಹುದಾದರೂ ಅಲ್ಲಿ ರಾಜಧಾನಿಯಿಂದ ವರ್ಗವಾಗಿ ಬಂದ ಎಸ್‌ಪಿ ಇರುವುದಿಲ್ಲ. ಶೆರಿಫ್‌ನನ್ನು ಬಹುತೇಕ ಕಡೆ ಊರಿನವರೇ ವೋಟು ಹಾಕಿ ಆರಿಸುತ್ತಾರೆ. ಠಾಣೆಯೂ ಜೈಲೂ ಸಾಮಾನ್ಯವಾಗಿ ಅವನ ಕೈಯಲ್ಲೇ. ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿ ಎಣಿಸಿದ್ದು 64 ಜನರನ್ನು. ಕೆಂಟಕಿಯಲ್ಲಿ ಇನ್ನೊಂದು ವಿಚಿತ್ರ: ಅಲ್ಲಿನ 120 ಕೌಂಟಿಗಳಲ್ಲೂ ಜೈಲರ್ ಎಂಬುದು ಚುನಾಯಿತ ಹುದ್ದೆ. 2015ರಲ್ಲಿ ಅಲ್ಲಿಯ ಪತ್ರಕರ್ತರು ಲೆಕ್ಕ ಹಾಕಿದಾಗ 41 ಕೌಂಟಿಗಳಲ್ಲಿ ಜೈಲರ್ ಇದ್ದರು, ಜೈಲು ಇರಲಿಲ್ಲ. ಅಂಥ ಕೌಂಟಿಯಲ್ಲಿ ಸಿಕ್ಕಿಬಿದ್ದವರನ್ನು ಪಕ್ಕದ ಕೌಂಟಿಗೆ ಸಾಗಿಸುತ್ತಾರೆ. ಹುಡುಕುವವರೂ ಅಲ್ಲಿಗೇ ಹೋಗಬೇಕು. ವೆಸ್ಟ್ ವರ್ಜೀನಿಯಾದಲ್ಲಿ ಹಲವು ಕೌಂಟಿಗಳಿಗೆ ಸೇರಿ ಒಂದು ಪ್ರಾದೇಶಿಕ ಜೈಲು. ಅಲಾಸ್ಕಾದಲ್ಲಂತೂ ಶೆರಿಫ್ ಎಂಬ ಹುದ್ದೆಯೇ ಇಲ್ಲ.

ಈ ಅಸ್ತವ್ಯಸ್ತ ವ್ಯವಸ್ಥೆಯೊಳಗೆ ಬಂಧನದ ದಾಖಲೆ ಮತ್ತು ಬುಕಿಂಗ್ ಫೋಟೊ, ಅಂದರೆ ಮಗ್‌ಶಾಟ್, ಸಾರ್ವಜನಿಕರ ಕೈಗೆ ಬಂದದ್ದು ಹೇಗೆ, ಈಚೆಗೆ ಅದನ್ನು ಮತ್ತೆ ಕಪಾಟಿಗೆ ಸೇರಿಸುವ ಪ್ರಯತ್ನ ನಡೆದಿರುವುದೇಕೆ ಎಂಬುದು ಒಂದೂವರೆ ಶತಮಾನಕ್ಕೂ ದೀರ್ಘವಾದ ಕಥೆ.

ಫೋಟೊ ಮೊದಲು ಪೊಲೀಸರ ಒಳಬಳಕೆಗೆಂದೇ ಹುಟ್ಟಿತು. 1840ರ ದಶಕದಲ್ಲೇ ಬೆಲ್ಜಿಯಂನಲ್ಲಿ ಕೈದಿಗಳ ಚಿತ್ರ ತೆಗೆಯುತ್ತಿದ್ದರು; 1850ರ ದಶಕದ ಹೊತ್ತಿಗೆ ಅಭ್ಯಾಸ ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರಿಗೂ ಹತ್ತಿತ್ತು. ನ್ಯೂಯಾರ್ಕಿನ ಪತ್ತೇದಾರಿ ಮುಖ್ಯಸ್ಥ ಥಾಮಸ್ ಬರ್ನ್ಸ್ 1886ರಲ್ಲಿ ಇನ್ನೂರಕ್ಕೂ ಹೆಚ್ಚು ಕಳ್ಳಕಾಕರ ಚಿತ್ರಗಳಿರುವ ಪುಸ್ತಕವನ್ನೇ ಅಚ್ಚು ಹಾಕಿಸಿ ಮಾರಾಟಕ್ಕಿಟ್ಟ. ಮುಂದಿನ ಶತಮಾನದ ವ್ಯಾಪಾರದ ಬೀಜ ಅಲ್ಲಿಯೇ ಇತ್ತು ಅನ್ನಬಹುದು. ಎದುರಿನಿಂದೊಂದು, ಪಕ್ಕದಿಂದೊಂದು ಎಂಬ ಇಂದಿನ ಕ್ರಮವನ್ನು ಕಟ್ಟುನಿಟ್ಟಾಗಿ ರೂಪಿಸಿದವನು ಪ್ಯಾರಿಸ್ ಪೊಲೀಸ್ ಗುಮಾಸ್ತ ಅಲ್ಫೋನ್ಸ್ ಬರ್ಟಿಯೋ. ತಲೆಯ ಅಗಲ, ಕೈಬೆರಳಿನ ಉದ್ದಗಳನ್ನು ಅಳೆದು ಗುರುತು ಹಿಡಿಯುವ ಅವನ ಪದ್ಧತಿ ಭಾರತಕ್ಕೂ ಬಂದಿತ್ತು. ಅದನ್ನು ಬದಿಗೆ ಸರಿಸಿದ್ದು 1897ರಲ್ಲಿ ಕಲ್ಕತ್ತಾದಲ್ಲಿ ಶುರುವಾದ ಬೆರಳಚ್ಚು ವಿಭಾಗ. ಅಲ್ಲಿ ವರ್ಗೀಕರಣದ ಲೆಕ್ಕಾಚಾರಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಪಡೆದವರು ಎಡ್ವರ್ಡ್ ಹೆನ್ರಿ ಸಾಹೇಬರು. ಗುರುತಿಗೆ ಬೆರಳಚ್ಚೇ ಸಾಕಾದ ಮೇಲೂ ಫೋಟೊ ಉಳಿದುಕೊಂಡಿತು.

ಆದರೆ ಬಂಧನದ ಲಿಖಿತ ದಾಖಲೆಯ ಮೂಲ ಉದ್ದೇಶ ಬೇರೆ. ಸರ್ಕಾರ ಯಾರನ್ನೂ ಗುಟ್ಟಾಗಿ ಎತ್ತಿ ಹಾಕಿಕೊಳ್ಳಬಾರದು. ಹಿಡಿದರೆ ಯಾರನ್ನು, ಯಾವ ಕಾರಣಕ್ಕೆ ಎಂದು ಬರೆದಿಡಬೇಕು, ಕೇಳಿದವರಿಗೆ ತೋರಿಸಬೇಕು. ಕಣ್ಣಿಡಬೇಕಾಗಿದ್ದದ್ದು ಜೈಲರನ ಮೇಲೆ, ಕೈದಿಯ ಮೇಲಲ್ಲ. ಹಳ್ಳಿ ಕೌಂಟಿಯಲ್ಲಿ ಇದರ ವಾಹಕ ಸ್ಥಳೀಯ ವಾರಪತ್ರಿಕೆ. ವರದಿಗಾರ ವಾರಕ್ಕೊಮ್ಮೆ ಶೆರಿಫ್ ಕಚೇರಿಗೆ ಹೋಗಿ ರಿಜಿಸ್ಟರ್ ನೋಡಿಕೊಂಡು, ಕುಡಿದು ಗಾಡಿ ಓಡಿಸಿದವರು, ಖೋಟಾ ಚೆಕ್ ಕೊಟ್ಟವರು, ಜಗಳ ಆಡಿದವರ ಪಟ್ಟಿಯನ್ನು ಒಳಪುಟದಲ್ಲಿ ಹಾಕುತ್ತಿದ್ದ. ಊರವರು ಓದುತ್ತಿದ್ದರು, ಚರ್ಚಿನ ಅಂಗಳದಲ್ಲಿ ಗುಸುಗುಸು ಆಗುತ್ತಿತ್ತು, ಮುಂದಿನ ವಾರ ಆ ಕಾಗದ ರದ್ದಿಗೆ ಸೇರುತ್ತಿತ್ತು. ಅಲ್ಲಿಗೆ ಮುಗಿಯಿತು.

ವಿಷಯ ಕೋರ್ಟುಗಳ ಮೆಟ್ಟಿಲು ಹತ್ತಿದ್ದು ನಂತರ. 1972ರ ಕ್ರಿಸ್‌ಮಸ್‌ಗೆ ಮುಂಚೆ ಕೆಂಟಕಿಯ ಲೂಯಿವಿಲ್ ಪೊಲೀಸರು ಅಂಗಡಿ ಕಳ್ಳರದ್ದೆಂದು ಹೆಸರು, ಚಿತ್ರಗಳ ಕರಪತ್ರ ಮಾಡಿ ಸುಮಾರು 800 ವ್ಯಾಪಾರಿಗಳಿಗೆ ಹಂಚಿದರು. ಅದರಲ್ಲಿ ಪತ್ರಿಕಾ ಛಾಯಾಗ್ರಾಹಕರೊಬ್ಬರ ಚಿತ್ರವೂ ಇತ್ತು. ಅವರನ್ನು ಒಮ್ಮೆ ಹಿಡಿದದ್ದು ನಿಜ. ಅಪರಾಧಿ ಎಂದು ಯಾವ ಕೋರ್ಟೂ ಹೇಳಿರಲಿಲ್ಲ, ಕರಪತ್ರ ಹೊರಬಿದ್ದ ಸ್ವಲ್ಪ ದಿನಕ್ಕೇ ಮೊಕದ್ದಮೆಯೂ ವಜಾ ಆಯಿತು. 1976ರಲ್ಲಿ ಸುಪ್ರೀಂ ಕೋರ್ಟು, ಬರೀ ಮಾನ ಹೋಯಿತು ಎಂಬ ಕಾರಣಕ್ಕೆ ಸಂವಿಧಾನದ ರಕ್ಷಣೆ ಸಿಗದು ಎಂದಿತು. ಮಗ್‌ಶಾಟ್ ಹಂಚುವ ಪೊಲೀಸರಿಗೆ ಅರ್ಧ ಶತಮಾನ ಬೆನ್ನೆಲುಬಾದ ತೀರ್ಪು ಇದೇ. 1989ರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಬದಿಯ ಮಾತು ಹೇಳಿತು: ಊರೂರಿನ ಕೋರ್ಟು ಠಾಣೆಗಳಲ್ಲಿ ಚದುರಿಹೋದ ಕಾಗದಗಳು ಬೇರೆ, ಅವನ್ನೆಲ್ಲ ಒಂದೇ ಕಂಪ್ಯೂಟರಿನಲ್ಲಿ ಜೋಡಿಸಿಟ್ಟ ಪೂರ್ತಿ ಜಾತಕ ಬೇರೆ, ಎರಡನೆಯದರಲ್ಲಿ ಖಾಸಗಿತನದ ಪ್ರಶ್ನೆ ಇದೆ. ಅಂತರ್ಜಾಲ ಮನೆಮನೆಗೆ ಬರುವ ಮೊದಲೇ ಹೇಳಿದ ಮಾತದು. ಆದರೆ ಅದು ಎಫ್‌ಬಿಐನಂಥ ಒಕ್ಕೂಟ ಸರ್ಕಾರದ ಕಡತಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕೌಂಟಿಗಳಿಗೆ ಆಯಾ ರಾಜ್ಯದ ಕಾನೂನೇ ಕಾನೂನು.

ಹೀಗೆ ಊರೂರಲ್ಲಿ ಚದುರಿದ್ದ ದಾಖಲೆಗಳ ನಡುವಿನ ದೂರ ಅಳಿದದ್ದು ಒಳ್ಳೆಯ ಕಾರಣಕ್ಕೇ. ಅದೇ ಲೂಯಿವಿಲ್‌ನಲ್ಲಿ 1993ರ ಡಿಸೆಂಬರಿನಲ್ಲಿ ಒಬ್ಬ ಯುವತಿಯ ಕೊಲೆಯಾಯಿತು. ಅವಳ ಮೇಲೆ ಅತ್ಯಾಚಾರ ಎಸಗಿ ಜೈಲು ಸೇರಿದ್ದ ಹಳೆಯ ಗೆಳೆಯನೇ ಕೊಂದವನು. ಅವನು ಜಾಮೀನಿನ ಮೇಲೆ ಹೊರಬಂದದ್ದನ್ನು ಅವಳಿಗಾಗಲಿ ಮನೆಯವರಿಗಾಗಲಿ ಯಾರೂ ತಿಳಿಸಿರಲಿಲ್ಲ. ಮರುವರ್ಷ ಅಲ್ಲಿ ಶುರುವಾದ ವೈನ್ ಎಂಬ ವ್ಯವಸ್ಥೆ ಕೈದಿ ಬಿಡುಗಡೆಯಾದೊಡನೆ ಸಂತ್ರಸ್ತರಿಗೆ ತಾನಾಗಿ ಫೋನ್ ಮಾಡುತ್ತಿತ್ತು. ಇಂದು ಅದು ಬಹುತೇಕ ರಾಜ್ಯಗಳಿಗೆ ಹಬ್ಬಿದೆ. ಸ್ವಂತ ವೆಬ್‌ಸೈಟ್ ಇಲ್ಲದ ಪುಟ್ಟ ಕೌಂಟಿಯ ಜೈಲಿನಲ್ಲಿ ಯಾರಿದ್ದಾರೆಂದು ಹುಡುಕಲು ಇದಕ್ಕಿಂತ ಸಲೀಸಾದ ದಾರಿ ಇಲ್ಲ.

ವೆಬ್‌ಸೈಟ್ ಇರುವ ಕೌಂಟಿಗಳು ರೋಸ್ಟರ್ ಎಂಬ ಕೈದಿಪಟ್ಟಿಯನ್ನು ಹಾಕುತ್ತವೆ. ಅದರ ಒಂದು ಸಾಲನ್ನು ಬಿಡಿಸಿ ನೋಡಬೇಕು. ಹೆಸರು, ವಯಸ್ಸು, ಎತ್ತರ, ತೂಕ, ಬುಕಿಂಗ್ ಸಂಖ್ಯೆ, ಒಳಗೆ ಬಂದ ದಿನ ಮತ್ತು ಗಂಟೆ, ಆರೋಪ, ಜಾಮೀನಿನ ಮೊತ್ತ. ಆರೋಪದ ಜಾಗದಲ್ಲಿ ಎಫ್‌ಟಿಎ ಎಂದಿದ್ದರೆ ಕೋರ್ಟಿನ ತಾರೀಖಿಗೆ ಹಾಜರಾಗಲಿಲ್ಲ ಎಂದಷ್ಟೇ. ಮೂಲ ಪ್ರಕರಣ ಬರೀ ಟ್ರಾಫಿಕ್ ದಂಡದ್ದಿರಬಹುದು. ಹೋಲ್ಡ್ ಎಂದಿದ್ದರೆ ಬೇರೆ ಯಾವುದೋ ಕೌಂಟಿಯೋ ಇಲಾಖೆಯೋ ಈ ವ್ಯಕ್ತಿಗಾಗಿ ಕಾದಿದೆ. ಹಳ್ಳಿ ಜೈಲುಗಳು ಖಾಲಿ ಮಂಚಗಳನ್ನು ಅಮೆರಿಕದ ಮಾರ್ಷಲ್‌ಗಳಿಗೆ, ವಲಸೆ ಇಲಾಖೆಗೆ ಬಾಡಿಗೆಗೆ ಕೊಡುವುದರಿಂದ ಊರಿಗೇ ಸಂಬಂಧವಿಲ್ಲದವರ ಹೆಸರೂ ಪಟ್ಟಿಯಲ್ಲಿ ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು, ಅಲ್ಲಿರುವ ಆರೋಪ ಹಿಡಿದ ಪೊಲೀಸ್ ಬರೆದದ್ದು. ಮುಂದೆ ಸರ್ಕಾರಿ ವಕೀಲರು ಅದನ್ನು ಇಳಿಸಬಹುದು, ಬದಲಿಸಬಹುದು, ಕೈಬಿಡಲೂಬಹುದು. ಕೈದಿ ಹೊರಗೆ ಹೋದೊಡನೆ ಎಷ್ಟೋ ಕಡೆ ಸಾಲೂ ಮಾಯ. ಪ್ರಕರಣ ಏನಾಯಿತು ಎಂಬುದಿರುವುದು ಕೋರ್ಟಿನ ಕ್ಲರ್ಕ್ ಕಚೇರಿಯಲ್ಲಿ, ಬೇರೆ ಸಂಖ್ಯೆಯಡಿ, ಬೇರೆ ಕಡತದಲ್ಲಿ. ಮಿಸೌರಿ, ಅಯೋವಾದಂಥ ರಾಜ್ಯಗಳು ಎಲ್ಲ ಕೌಂಟಿಗಳ ಮೊಕದ್ದಮೆಗಳನ್ನು ಒಂದೇ ಜಾಲತಾಣದಲ್ಲಿ ಇಟ್ಟಿವೆ. ಉಳಿದೆಡೆ ಅರ್ಜಿ ಬರೆದು ಕಾಯಬೇಕು. ಜಾರ್ಜಿಯಾದಲ್ಲಿ ಮೂರು ಕೆಲಸದ ದಿನಗಳೊಳಗೆ ಉತ್ತರಿಸಬೇಕೆಂಬ ನಿಯಮವಿದೆ, ಪುಟಕ್ಕೆ ಹತ್ತು ಸೆಂಟ್ ಶುಲ್ಕ.

ಜೈಲಿನ ಪಟ್ಟಿ ಮತ್ತು ಕೋರ್ಟಿನ ಕಡತ, ಈ ಎರಡರ ನಡುವಿನ ಸಂದಿಯಲ್ಲಿ ಹಣ ಮಾಡುವವರು ನುಗ್ಗಿದರು. 2007ರಲ್ಲಿ ಉತ್ತರ ಕ್ಯಾರೊಲಿನಾದ ರಾಲಿಯಲ್ಲಿ 'ದಿ ಸ್ಲ್ಯಾಮರ್' ಎಂಬ ಪತ್ರಿಕೆ ಹುಟ್ಟಿತು. ಪುಟದ ತುಂಬ ಮಗ್‌ಶಾಟ್‌ಗಳು, ಬೆಲೆ ಒಂದು ಡಾಲರ್, ಪೆಟ್ರೋಲ್ ಬಂಕಿನ ಅಂಗಡಿಗಳಲ್ಲಿ ಮಾರಾಟ. ಮುಂದಿನ ಕೆಲವೇ ವರ್ಷಗಳಲ್ಲಿ ಕೌಂಟಿ ರೋಸ್ಟರ್‌ಗಳಿಂದ ಚಿತ್ರಗಳನ್ನು ತಾನಾಗಿ ಬಾಚಿಕೊಳ್ಳುವ ಜಾಲತಾಣಗಳು ಎದ್ದವು. ಅವುಗಳ ಆದಾಯದ ಮೂಲ ಓದುಗರಲ್ಲ, ಚಿತ್ರದಲ್ಲಿರುವವರು: 'ನಿಮ್ಮ ಫೋಟೊ ತೆಗೆಯಬೇಕೇ, ಇಷ್ಟು ಕೊಡಿ.' 2013ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ವಿವರವಾಗಿ ಬಯಲಿಗೆಳೆದಾಗ ದರ 30ರಿಂದ 400 ಡಾಲರ್ ತನಕ ಇತ್ತು. ಒಂದು ತಾಣಕ್ಕೆ ತೆತ್ತರೆ ಇನ್ನೊಂದರಲ್ಲಿ ಅದೇ ಮುಖ. ಆ ವರದಿಯ ಹೊತ್ತಿಗೆ ಗೂಗಲ್ ಆ ತಾಣಗಳನ್ನು ಹುಡುಕಾಟದಲ್ಲಿ ಕೆಳಗೆ ತಳ್ಳಿತು, ಮಾಸ್ಟರ್‌ಕಾರ್ಡ್, ಪೇಪಾಲ್ ಹಣ ದಾಟಿಸುವುದನ್ನು ನಿಲ್ಲಿಸಿದವು. 2018ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಇಂಥ ಒಂದು ತಾಣದ ನಾಲ್ವರ ಮೇಲೆ ಸುಲಿಗೆಯ ಮೊಕದ್ದಮೆ ಹೂಡಿತು; ಮೂರು ವರ್ಷಗಳಲ್ಲಿ 20 ಲಕ್ಷ ಡಾಲರ್‌ಗೂ ಮೀರಿ ವಸೂಲಿ ಮಾಡಿದ್ದರೆಂಬುದು ಆರೋಪ.

ರಾಜ್ಯಗಳ ಕಾನೂನುಗಳು ಒಂದೊಂದು ಒಂದೊಂದು ದಿಕ್ಕಿಗೆ ಹೋದವು. ಯೂಟಾ 2013ರಲ್ಲಿ, ಫೋಟೊ ಕೇಳುವವರು ತೆಗೆಯಲು ದುಡ್ಡು ಕೇಳುವುದಿಲ್ಲವೆಂದು ಬರೆದುಕೊಡಬೇಕು ಎಂದಿತು. ಜಾರ್ಜಿಯಾ ಮರುವರ್ಷ, ಪೊಲೀಸರು ತಮ್ಮ ವೆಬ್‌ಸೈಟಿನಲ್ಲೇ ಬುಕಿಂಗ್ ಫೋಟೊ ಹಾಕಬಾರದು ಎಂದಿತು. ನ್ಯೂಯಾರ್ಕ್ 2019ರಲ್ಲಿ, ಲೂಯಿಸಿಯಾನ 2022ರಲ್ಲಿ ಬಿಗಿ ಮಾಡಿದವು. ಫ್ಲಾರಿಡಾದಲ್ಲಿ ಬಾಗಿಲು ಈಗಲೂ ಅಗಲವಾಗಿಯೇ ತೆರೆದಿದೆ. ಹೀಗಾಗಿ ಜಾರ್ಜಿಯಾ–ಫ್ಲಾರಿಡಾ ಗಡಿಯ ಅಕ್ಕಪಕ್ಕದ ಕೌಂಟಿಗಳಲ್ಲಿ ಒಂದೇ ತಪ್ಪಿಗೆ ಸಿಕ್ಕ ಇಬ್ಬರಲ್ಲಿ ಒಬ್ಬರ ಮುಖ ಊರಿಗೆಲ್ಲ ಕಾಣುತ್ತದೆ, ಇನ್ನೊಬ್ಬರದು ಕಾಣುವುದಿಲ್ಲ.

ನ್ಯಾಯಾಲಯಗಳೂ ಮನಸ್ಸು ಬದಲಿಸಿದವು. ಮಗ್‌ಶಾಟ್‌ನಲ್ಲಿ ಖಾಸಗಿಯಾದದ್ದೇನೂ ಇಲ್ಲ ಎಂದು 1996ರಲ್ಲಿ ಹೇಳಿದ್ದ ಆರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2016ರಲ್ಲಿ 9–7ರ ಬಹುಮತದಿಂದ ತನ್ನದೇ ತೀರ್ಪನ್ನು ಅಳಿಸಿತು. 2019ರಲ್ಲಿ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಗೆ ದೊಡ್ಡ ಪೆಟ್ಟು ಬಿತ್ತು. ದಶಕಗಳ ಹಿಂದಿನ ಕೈದಿಗಳ ವಿವರವನ್ನೂ ಆನ್‌ಲೈನ್ ಹುಡುಕಾಟಕ್ಕೆ ಇಟ್ಟಿದ್ದಕ್ಕೆ ತಲಾ 1,000 ಡಾಲರ್‌ನಂತೆ ಸುಮಾರು 67,000 ಮಂದಿಗೆ ದಂಡ ಕೊಡಬೇಕೆಂದು ಜ್ಯೂರಿ ಹೇಳಿತು. 2024ರ ಸೆಪ್ಟೆಂಬರಿನಲ್ಲಿ ಒಂಬತ್ತನೇ ಸರ್ಕಿಟ್ ಅರಿಜೋನಾದ ಮಾರಿಕೋಪಾ ಕೌಂಟಿಯ ವಿರುದ್ಧದ ದಾವೆಗೆ ಜೀವ ಕೊಟ್ಟು, ವಿಚಾರಣೆಗೆ ಮುನ್ನ ಮಗ್‌ಶಾಟ್ ಹೀಗೆ ಪ್ರದರ್ಶನಕ್ಕಿಡುವುದು ಶಿಕ್ಷೆಯೇ ಆಗಬಹುದು ಎಂದಿತು. ಇದೇ ಮಾರಿಕೋಪಾದಲ್ಲಿ ಹಿಂದೆ ಶೆರಿಫ್ ಆಗಿದ್ದ ಜೋ ಅರ್ಪಾಯೊ 'ದಿನದ ಮಗ್‌ಶಾಟ್' ಎಂದು ಜನರಿಂದ ವೋಟು ಹಾಕಿಸುತ್ತಿದ್ದರು.

ಪತ್ರಿಕೆಗಳು ತಾವಾಗಿಯೇ ಹಿಂದೆ ಸರಿದವು. ಹ್ಯೂಸ್ಟನ್ ಕ್ರಾನಿಕಲ್, ಟ್ಯಾಂಪಾ ಬೇ ಟೈಮ್ಸ್ 2020ರಲ್ಲಿ ಮಗ್‌ಶಾಟ್ ಗ್ಯಾಲರಿಗಳನ್ನು ಮುಚ್ಚಿದವು. ಸಣ್ಣಪುಟ್ಟ ಪ್ರಕರಣಗಳಲ್ಲಿ ಆರೋಪಿಯ ಹೆಸರನ್ನೇ ಕೊಡುವುದಿಲ್ಲವೆಂದು ಅಸೋಸಿಯೇಟೆಡ್ ಪ್ರೆಸ್ 2021ರಲ್ಲಿ ಘೋಷಿಸಿತು. ಒಳ್ಳೆಯದೇ, ಆದರೆ ಹಳ್ಳಿ ಕೌಂಟಿಗಳಲ್ಲಿ ಇದರ ಪರಿಣಾಮ ಅಷ್ಟಕ್ಕಷ್ಟೆ. ಅಲ್ಲಿ ವಾರಪತ್ರಿಕೆಯೇ ಎಷ್ಟೋ ಕಡೆ ಬಾಗಿಲು ಹಾಕಿದೆ, ಆ ಜಾಗಕ್ಕೆ ಶೆರಿಫ್ ಕಚೇರಿಯ ಫೇಸ್‌ಬುಕ್ ಪುಟ ಬಂದು ಕೂತಿದೆ. ವರದಿಗಾರ ಕೊನೆಗೊಮ್ಮೆಯಾದರೂ ಕೋರ್ಟಿನ ಕಡೆ ಹೋಗಿ ಬರುತ್ತಿದ್ದ. ಮರುಚುನಾವಣೆಗೆ ನಿಲ್ಲಬೇಕಾದ ಶೆರಿಫ್, ಖುಲಾಸೆಯ ಸುದ್ದಿಯನ್ನು ತಾನೇ ಏಕೆ ಹಾಕಿಯಾನು?

ನಮ್ಮಲ್ಲಿ ಫೋಟೊಗಿಂತ ಕಾಗದ ಹೆಚ್ಚು ಬಯಲಾಗಿದೆ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು, ಎಫ್‌ಐಆರ್‌ಗಳು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಏರಬೇಕು. ಕರ್ನಾಟಕದಲ್ಲೂ ಅವನ್ನು ಹುಡುಕಬಹುದು. ಬಂಧಿತರ ಹೆಸರು, ವಿಳಾಸ, ಆರೋಪಗಳನ್ನು ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಪ್ರದರ್ಶಿಸಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಮುಖಕ್ಕೆ ಮಾತ್ರ ಕೆಲವೊಮ್ಮೆ ಮುಸುಕು, ಏಕೆಂದರೆ ಗುರುತು ಪತ್ತೆ ಪರೇಡ್ ಕೆಡಬಾರದು. ಆದರೂ ವಶಪಡಿಸಿಕೊಂಡ ಬೈಕುಗಳ ಮುಂದೆ ಆರೋಪಿಗಳನ್ನು ಕೂರಿಸಿ, ಹಿಂದೆ ಅಧಿಕಾರಿಗಳು ಸಾಲಾಗಿ ನಿಂತ ಚಿತ್ರ ನಮ್ಮ ಜಿಲ್ಲಾ ಪುಟಗಳಿಗೆ ಹೊಸದಲ್ಲ.

ಅಮೆರಿಕದಲ್ಲಿ ಓದುವ ನಮ್ಮ ಮಕ್ಕಳಿಗೂ ಈ ಕಥೆ ತಟ್ಟಿದೆ. 2025ರ ವಸಂತದಲ್ಲಿ ಅಲ್ಲಿನ ಸರ್ಕಾರ ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರನ್ನು ರಾಷ್ಟ್ರೀಯ ಅಪರಾಧ ದತ್ತಾಂಶದ ಜತೆ ಹೊಂದಿಸಿ ನೋಡಿತು. ಸುಮಾರು 6,400 ಹೊಂದಿಕೆಗಳು ಸಿಕ್ಕವು. ಸಾವಿರಾರು ವಿದ್ಯಾರ್ಥಿಗಳ ವಲಸೆ ದಾಖಲೆ ರದ್ದಾಯಿತು, ಅವರಲ್ಲಿ ಭಾರತೀಯರೂ ಬಹಳ. ಎಷ್ಟೋ ಜನರದ್ದು ಟ್ರಾಫಿಕ್ ತಪ್ಪು ಅಥವಾ ಎಂದೋ ವಜಾ ಆದ ಪ್ರಕರಣ. ಕೋರ್ಟುಗಳು ಒಂದರ ಹಿಂದೊಂದು ತಡೆ ಕೊಟ್ಟ ಮೇಲೆ ಏಪ್ರಿಲ್ ಕೊನೆಗೆ ದಾಖಲೆಗಳನ್ನು ಮರಳಿ ಚಾಲ್ತಿಗೆ ತಂದರು. ವೀಸಾ ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನವಾಗಿತ್ತೇ ಎಂದೂ ಕೇಳುತ್ತಾರೆ. ಅದಕ್ಕೇ ವಲಸೆ ವಕೀಲರು ಹೇಳುವುದು: ಪ್ರಕರಣ ಮುಗಿದ ದಿನವೇ ಆ ಕೌಂಟಿಯ ಕೋರ್ಟ್ ಕ್ಲರ್ಕ್ ಬಳಿ ಹೋಗಿ, ಮೊಹರು ಹಾಕಿದ ಅಂತಿಮ ಆದೇಶದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ದಾಖಲೆಯನ್ನು ಅಳಿಸಿಹಾಕಿಸುವ ಆಲೋಚನೆ ಇದ್ದರೆ ಅದಕ್ಕೂ ಮೊದಲು ತೆಗೆದುಕೊಳ್ಳಿ. ಅಳಿಸಿದ ಮೇಲೆ ಕ್ಲರ್ಕ್ ಕಚೇರಿಯಲ್ಲಿ ಆ ಪ್ರತಿ ಸಿಗುವುದು ಕಷ್ಟ, ಖಾಸಗಿ ತಾಣದಲ್ಲಿರುವ ಫೋಟೊ ಮಾತ್ರ ಅಲ್ಲೇ ಇರುತ್ತದೆ.