ವಿದ್ಯಾರ್ಥಿಯೋ, ವೃತ್ತಿಗಾರನೋ? – ಅಮೆರಿಕದ ಕಾಲೇಜು ಫುಟ್‌ಬಾಲಿನ ಕಥೆ



ನಿಮ್ಮಲ್ಲಿ ಅನೇಕರು ಈಗ ಅಮೆರಿಕದಲ್ಲಿ ನೆಲೆಸಿದ್ದೀರಿ. ಕೆಲವರ ಮಕ್ಕಳು ಅಲ್ಲಿನ ವಿಶ್ವವಿದ್ಯಾನಿಲಯಗಳಲ್ಲಿ ಓದುತ್ತಿದ್ದಾರೆ. ಶರತ್ಕಾಲದ ಶನಿವಾರ ಬಂತೆಂದರೆ ಊರಿಗೆ ಊರೇ ಕಾಲೇಜಿನ ಬಣ್ಣದ ಅಂಗಿ ತೊಟ್ಟು ಕ್ರೀಡಾಂಗಣದತ್ತ ಸಾಗುವುದನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಇಲ್ಲಿಯೇ ಇರುವವರಿಗಾಗಿ ಒಂದು ಮಾತು: ಅವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಅಡ್ಡಗಟ್ಟುವ ಎದುರಾಳಿಗಳನ್ನು ಭೇದಿಸಿಕೊಂಡು ಮುನ್ನುಗ್ಗುವ ಆಟವದು. ಮಿಷಿಗನ್ ವಿಶ್ವವಿದ್ಯಾನಿಲಯದ ಕ್ರೀಡಾಂಗಣ ಒಂದರಲ್ಲಿಯೇ 1,07,000ಕ್ಕೂ ಹೆಚ್ಚು ಆಸನಗಳಿವೆ. ಕಾಲೇಜು ಹುಡುಗರ ಪಂದ್ಯಕ್ಕೆ ಇಷ್ಟು ಜನ!

2021ರಿಂದೀಚೆಗೆ ಈ ಹುಡುಗರಿಗೆ ಬಹಿರಂಗವಾಗಿಯೇ ಹಣ ಸಲ್ಲತೊಡಗಿದೆ. ಹಣ ಬಂದು ಆಟದ ಪಾವಿತ್ರ್ಯವೇ ಹೋಯಿತೆಂದು ಹಳೆಯ ಅಭಿಮಾನಿಗಳು ಹಲುಬುತ್ತಾರೆ. ಇತಿಹಾಸವನ್ನು ಪಾಠ ಮಾಡಿದ ನನಗೆ ಇಂತಹ ಮಾತು ಕೇಳಿದೊಡನೆ ಒಂದು ಪ್ರಶ್ನೆ ಏಳುತ್ತದೆ: ಹಣ ನಿಜವಾಗಿ ಬಂದದ್ದು ಯಾವಾಗ?

ಅಮೆರಿಕದ ಮೊತ್ತಮೊದಲ ಅಂತರ್ ಕಾಲೇಜು ಸ್ಪರ್ಧೆ ನಡೆದದ್ದು 1852ರಲ್ಲಿ. ಹಾರ್ವರ್ಡ್ ಮತ್ತು ಯೇಲ್ ನಡುವಿನ ದೋಣಿ ಸ್ಪರ್ಧೆ. ಅದರ ವೆಚ್ಚವನ್ನು ವಹಿಸಿಕೊಂಡದ್ದು ಒಂದು ರೈಲ್ವೆ ಕಂಪನಿ! ತನ್ನ ಮಾರ್ಗದಲ್ಲಿದ್ದ ಸರೋವರಕ್ಕೆ ಪ್ರವಾಸಿಗರನ್ನು ಸೆಳೆಯುವುದು ಅದರ ಉದ್ದೇಶವಾಗಿತ್ತು. ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ 1869ರ ನವೆಂಬರ್ 6ರಂದು ನಡೆಯಿತು. ರಟ್ಗರ್ಸ್ ಕಾಲೇಜು ಪ್ರಿನ್ಸ್‌ಟನ್ನನ್ನು 6–4ರಿಂದ ಸೋಲಿಸಿತು. 1904ರ ವೇಳೆಗೆ ಯೇಲ್ ತಂಡದ ನಾಯಕ ಜೇಮ್ಸ್ ಹೋಗನ್‌ಗೆ ಕ್ಯೂಬಾ ಪ್ರವಾಸದ ಉಡುಗೊರೆಯೂ, ಊರಿನಲ್ಲಿ ಮಾರಾಟವಾದ ಸಿಗರೇಟಿನ ಮೇಲೆ ಕಮಿಷನ್ನೂ ದೊರೆಯುತ್ತಿದ್ದವು. 1929ರಲ್ಲಿ ಕಾರ್ನೆಗಿ ಪ್ರತಿಷ್ಠಾನವು ನೂರಕ್ಕೂ ಹೆಚ್ಚು ಕಾಲೇಜುಗಳನ್ನು ಪರಿಶೀಲಿಸಿ, ಬಹುಪಾಲು ಕಾಲೇಜುಗಳು ಒಂದಲ್ಲ ಒಂದು ರೀತಿಯಲ್ಲಿ ಆಟಗಾರರಿಗೆ ಹಣ ಸಲ್ಲಿಸುತ್ತಿವೆ ಎಂದು ವರದಿ ಮಾಡಿತು. ಅಂದರೆ ಹಣವು ಆಟದ ಜೊತೆಜೊತೆಗೇ ಬೆಳೆದು ಬಂದಿದೆ.

ಆಟದ ನಿಯಂತ್ರಣಕ್ಕೆ ಒಂದು ಸಂಸ್ಥೆ ಹುಟ್ಟಿದ್ದು ಬೇರೆಯೇ ಕಾರಣಕ್ಕೆ. 1905ರಲ್ಲಿ ಮೈದಾನದಲ್ಲಿ ಅನೇಕ ತರುಣರು ಪ್ರಾಣ ಕಳೆದುಕೊಂಡಾಗ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಪ್ರಮುಖ ಕಾಲೇಜುಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಮರುವರ್ಷ ಸ್ಥಾಪನೆಯಾದ ಸಂಘವೇ 1910ರಲ್ಲಿ ಎನ್‌ಸಿಎಎ ಎಂಬ ಹೆಸರು ತಳೆಯಿತು. ಆಟಗಾರರ ಪ್ರಾಣರಕ್ಷಣೆಗೆಂದು ಹುಟ್ಟಿದ ಈ ಸಂಘ ಕಾಲಕ್ರಮದಲ್ಲಿ ಅವರು ಯಾರಿಂದಲೂ ಕಾಸು ಪಡೆಯದಂತೆ ಕಾಯುವ ಪಹರೆಯಾಯಿತು.

ಇಲ್ಲಿ ಒಂದು ಪದದ ಇತಿಹಾಸವನ್ನು ಹೇಳಲೇಬೇಕು. 1955ರಲ್ಲಿ ಕೊಲರಾಡೊ ರಾಜ್ಯದ ಫೋರ್ಟ್ ಲೂಯಿಸ್ ಕಾಲೇಜಿನ ಆಟಗಾರನೊಬ್ಬ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಕಾರ್ಮಿಕರಿಗೆ ಸಲ್ಲುವ ಪರಿಹಾರವನ್ನು ತನಗೂ ಕೊಡಬೇಕೆಂದು ಅವನ ವಿಧವೆ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರದಲ್ಲಿ ತೊಡಗಿಲ್ಲ, ಆದುದರಿಂದ ಅವನು ನೌಕರನಲ್ಲ ಎಂದು 1957ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಇಂತಹ ಬೇಡಿಕೆಗಳ ಭಯದಿಂದಲೇ ಎನ್‌ಸಿಎಎಯ ಆಡಳಿತ ನಿರ್ದೇಶಕ ವಾಲ್ಟರ್ ಬೈಯರ್ಸ್ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ಚಲಾವಣೆಗೆ ತಂದರು. ಆಟಗಾರ ಎಂದರೆ ಕೂಲಿಯ ಪ್ರಶ್ನೆ ಬರಬಹುದು. ವಿದ್ಯಾರ್ಥಿ ಎಂದರೆ ಬಾರದು. ಇದೇ ಬೈಯರ್ಸ್ 1951ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಆ ಹುದ್ದೆಯಲ್ಲಿದ್ದು, ನಿವೃತ್ತಿಯ ನಂತರ 1995ರಲ್ಲಿ ಬರೆದ ಪುಸ್ತಕದಲ್ಲಿ ತಾವು ಕಟ್ಟಿದ ವ್ಯವಸ್ಥೆಯೇ ಕ್ರೀಡಾಪಟುಗಳನ್ನು ಶೋಷಿಸುತ್ತಿದೆ ಎಂದು ಸಾರಿದರು.

1984ರಲ್ಲಿ ಹಣದ ಹೊಳೆ ದಿಕ್ಕು ಬದಲಿಸಿತು. ಯಾವ ಪಂದ್ಯವನ್ನು ದೂರದರ್ಶನದಲ್ಲಿ ತೋರಿಸಬೇಕೆಂದು ಎನ್‌ಸಿಎಎ ಒಂದೇ ತೀರ್ಮಾನಿಸುವುದು ಕಾನೂನಿಗೆ ವಿರುದ್ಧ ಎಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಪ್ರಸಾರದ ಹಕ್ಕನ್ನು ಕಾಲೇಜುಗಳೂ ಅವುಗಳ ಕೂಟಗಳೂ ತಾವೇ ಮಾರತೊಡಗಿದವು. ಆ ಆದಾಯದಿಂದ ಕ್ರೀಡಾಂಗಣಗಳು ಹಿಗ್ಗಿದವು, ತರಬೇತುದಾರರ ಸಂಬಳ ಏರಿತು. 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾನಿಲಯವು ತನ್ನ ತರಬೇತುದಾರ ಜಿಂಬೊ ಫಿಷರ್‌ರನ್ನು ಕೆಲಸದಿಂದ ಬಿಡಿಸಿದಾಗ ಅವರಿಗೆ ಸಲ್ಲಬೇಕಾದ ಮೊತ್ತವೇ ಸುಮಾರು 7.6 ಕೋಟಿ ಡಾಲರ್! ಆದರೆ 2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾನಿಲಯದ ಎ. ಜೆ. ಗ್ರೀನ್ ತಾನು ತೊಟ್ಟಿದ್ದ ಅಂಗಿಯನ್ನು 1000 ಡಾಲರಿಗೆ ಮಾರಿದ ತಪ್ಪಿಗೆ ನಾಲ್ಕು ಪಂದ್ಯಗಳಿಂದ ಹೊರಗುಳಿಯಬೇಕಾಯಿತು. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮುಂದೆ ನಡೆದದ್ದು ಆಶ್ಚರ್ಯವೆನಿಸದು.

2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು, ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಲು ಅವಕಾಶ ಕೊಡುವ ಕಾನೂನು ಮಾಡಿತು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತೂ ನ್ಯಾಯಾಧೀಶರು ಎನ್‌ಸಿಎಎ ವಿರುದ್ಧ ತೀರ್ಪು ನೀಡಿದರು. ಜುಲೈ 1ರಿಂದ ಜಾಹೀರಾತಿನ ಹಣಕ್ಕೆ ಬಾಗಿಲು ತೆರೆಯಿತು. ಕೊನೆಗೆ 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟ ರಾಜಿಯ ಪ್ರಕಾರ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕು. ಜೊತೆಗೆ 2025–26ರಲ್ಲಿ ಪ್ರತಿ ವಿಶ್ವವಿದ್ಯಾನಿಲಯವೂ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ಇಷ್ಟಾದರೂ ಆ ರಾಜಿ ಅವರನ್ನು ನೌಕರರೆಂದು ಕರೆಯಲಿಲ್ಲ.

ಇನ್ನು ಅಭಿಮಾನಿಯ ಪಾಡು. ಅವನ ಅಳಲನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹದಿನೆಂಟರ ಹುಡುಗ ತನ್ನ ಊರಿನ ಕಾಲೇಜಿಗೆ ಸೇರಿ ನಾಲ್ಕು ವರ್ಷ ಕಣ್ಣೆದುರೇ ಬೆಳೆಯುತ್ತಾನೆ, ಅವನು ನಮ್ಮವನು ಎಂಬ ನಂಬಿಕೆಯೇ ಈ ಆಟದ ಜೀವಾಳವಾಗಿತ್ತು. ವರ್ಗಾವಣೆಯ ನಿಯಮಗಳು 2021ರಲ್ಲಿ ಸಡಿಲಗೊಂಡು, 2024ರಲ್ಲಿ ಓದಿನ ಅರ್ಹತೆಯುಳ್ಳವರಿಗೆ ಬಹುತೇಕ ಮುಕ್ತವೇ ಆದವು. 2025ರ ಏಪ್ರಿಲ್‌ನಲ್ಲಿ ಟೆನೆಸಿ ತಂಡದ ಮುಖ್ಯ ಆಟಗಾರ ನಿಕೊ ಇಯಾಮಲಿಯಾವಾ ಹಣದ ಮಾತುಕತೆ ಮುರಿದು ತಂಡ ತೊರೆದ. ಅದಕ್ಕೂ ಮೊದಲೇ, 2024ರ ಸೆಪ್ಟೆಂಬರ್‌ನಲ್ಲಿ, ಆಟಗಾರರ ಹಣಕ್ಕೆಂದು ಮರುವರ್ಷದ ಟಿಕೆಟಿನ ಮೇಲೆ ಶೇಕಡಾ 10ರಷ್ಟು ಶುಲ್ಕ ಸೇರಿಸುವುದಾಗಿ ಅದೇ ವಿಶ್ವವಿದ್ಯಾನಿಲಯ ಪ್ರಕಟಿಸಿತ್ತು. ಟಿಕೆಟ್ ಕೊಂಡವನೇ ಈಗ ಸಂಬಳವನ್ನೂ ಹೊರಬೇಕಾಗಿದೆ.

ಆದರೆ ಅಭಿಮಾನಿ ಕಳೆದುಕೊಂಡದ್ದನ್ನೆಲ್ಲ ಆಟಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಓಕ್ಲಹೋಮ ರಾಜ್ಯದ ಎರಡು ದೊಡ್ಡ ವಿಶ್ವವಿದ್ಯಾನಿಲಯಗಳು 1910ರಿಂದ ಪ್ರತಿ ವರ್ಷ ತಪ್ಪದೆ ಪರಸ್ಪರ ಸೆಣಸುತ್ತಿದ್ದವು. 2023ರ ನಂತರ ಆ ಪರಂಪರೆ ನಿಂತಿತು. ಕಾರಣ, ಒಂದು ವಿಶ್ವವಿದ್ಯಾನಿಲಯ ಹೆಚ್ಚಿನ ಪ್ರಸಾರ ಆದಾಯವಿರುವ ಬೇರೆ ಕೂಟಕ್ಕೆ ಸೇರಿತು. 2024ರಲ್ಲಿ ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ‘ಅಟ್ಲಾಂಟಿಕ್ ತೀರದ ಕೂಟ’ಕ್ಕೆ ಸೇರಿದ ಸೋಜಿಗವೂ ಹೀಗೆಯೇ ನಡೆಯಿತು. ಇದನ್ನು ಯಾವ ಆಟಗಾರನೂ ಮಾಡಲಿಲ್ಲ. ಊರಿನ ಹಳೆಯ ಹಗೆತನದ ಸವಿಯನ್ನು ಮಾರಿದವರು ಆಡಳಿತಗಾರರು.

ಹೊಸ ವ್ಯವಸ್ಥೆಯಿಂದ ಕೆಲವು ಅಭಿಮಾನಿಗಳಿಗೆ ಭಾಗ್ಯವೂ ಬಂದಿದೆ. ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿಯೇ ಅತಿ ಹೆಚ್ಚು ಸೋಲುಂಡ ತಂಡವೆಂದು ಬಹುಕಾಲ ಹೆಸರಾಗಿದ್ದ ಇಂಡಿಯಾನಾ, ಬೇರೆ ಕಾಲೇಜಿನಿಂದ ಬಂದ ಫರ್ನಾಂಡೊ ಮೆಂಡೋಜಾನ ನೇತೃತ್ವದಲ್ಲಿ 2026ರ ಜನವರಿಯಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಒಂದೇ ವರ್ಷದ ಹಿಂದೆ ಬಂದವನೆಂದು ಅವನನ್ನು ಹೊರಗಿನವನಾಗಿ ಕಂಡವರು ಆ ಊರಿನಲ್ಲಿ ಇರಲಾರರು.

ನನಗೆ ನಿಜವಾದ ಆತಂಕವಿರುವುದು ಬೇರೆಡೆ. ಫುಟ್‌ಬಾಲಿನ ಆದಾಯದಿಂದಲೇ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್ ಮುಂತಾದ ಆಟಗಳು ಬದುಕಿವೆ. ಈಗ ಹಂಚಬೇಕಾದ ಹಣದ ಬಹುಪಾಲು ಫುಟ್‌ಬಾಲ್ ಆಟಗಾರರಿಗೇ ಹೋಗುವಾಗ ಕತ್ತರಿ ಬೀಳುವುದು ಇವುಗಳ ಮೇಲೆ. ಫುಟ್‌ಬಾಲ್ ತಂಡದಲ್ಲಿಯೂ 105 ಆಟಗಾರರ ಮಿತಿ ಬಂದಿದೆ. ವಿದ್ಯಾರ್ಥಿವೇತನವಿಲ್ಲದೆ, ಕೇವಲ ಆಸೆಯಿಂದ ಅಭ್ಯಾಸಕ್ಕೆ ಬರುತ್ತಿದ್ದ ಹುಡುಗರಿಗೆ ಜಾಗ ಕಿರಿದಾಗಿದೆ. ಹಣವನ್ನೇ ಕೇಳದೆ ಆಡುತ್ತಿದ್ದ ಈ ಹುಡುಗ ಹುಡುಗಿಯರೇ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದಕ್ಕೆ ನಿಜವಾಗಿ ಅರ್ಹರಾಗಿದ್ದವರು.

ದುಡಿದವನಿಗೆ ಕೂಲಿ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕೂಲಿಯನ್ನು ತರಬೇತುದಾರನ ಕೋಟಿಗಳಿಂದ ತೆಗೆಯಬೇಕೋ, ಈಜುಕೊಳದ ಹುಡುಗಿಯ ಪಾಲಿನಿಂದ ತೆಗೆಯಬೇಕೋ ಎಂಬುದನ್ನು ವಿಶ್ವವಿದ್ಯಾನಿಲಯಗಳು ತೀರ್ಮಾನಿಸಬೇಕಾಗಿದೆ. ಅಲ್ಲಿರುವ ನನ್ನ ಶಿಷ್ಯರೇ, ನಿಮ್ಮ ಮಕ್ಕಳ ಕಾಲೇಜಿನಲ್ಲಿ ಈ ಲೆಕ್ಕ ಹೇಗೆ ನಡೆದಿದೆ ಎಂದು ವಿಚಾರಿಸಿ ನನಗೆ ಬರೆಯಿರಿ. ಉತ್ತರ ಚಿಕ್ಕದಾಗಿದ್ದರೂ ಚಿಂತೆಯಿಲ್ಲ, ಅಂಕ ಕಡಿತ ಮಾಡುವುದಿಲ್ಲ.