ಗಾಡಿ ಒಂದೇ, ದಾರಿ ಎರಡು

ಬೇಲೂರಿನ ಕಡೆ ತೋಟದ ಜೀಪಿಗೆ ಎಂಥ ಟೈರ್ ಹಾಕಿಸಬೇಕು ಅನ್ನೋ ಚರ್ಚೆ ಮುಗಿಯೋದೇ ಇಲ್ಲ. ಬೆಳಗ್ಗೆ ತೋಟದ ಕೆಸರು, ಮಧ್ಯಾಹ್ನ ಹಳೇಬೀಡಿನ ಮೇಲೆ ಅರಸೀಕೆರೆ ಸ್ಟೇಷನ್‌ಗೆ ಡಾಂಬರು ರಸ್ತೆ.

ಎತ್ತಿನ ಗಾಡಿಗೂ ಇದೇ ಪೇಚಾಟ ಇತ್ತು ನೋಡಿ. ಮರದ ಚಕ್ರದ ಸಣ್ಣ ಕಬ್ಬಿಣದ ಪಟ್ಟಿ ಕೆಸರನ್ನು ಸೀಳಿಕೊಂಡು ಅಡಿಯ ಗಟ್ಟಿ ನೆಲ ಮುಟ್ಟುತ್ತಿತ್ತು. ಆದರೆ ರಸ್ತೆಯನ್ನು ಕೊರೆಯುತ್ತಿತ್ತು. ಟೈರ್ ಗಾಡಿ ರಸ್ತೆಯಲ್ಲಿ ಹಗುರ, ಮುಳ್ಳು ಚುಚ್ಚಿದರೆ ಪಂಕ್ಚರ್. ಬೆಂಗಳೂರು ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಲ್ಲಿ ಎತ್ತಿನ ಗಾಡಿ ಸುಧಾರಿಸಲು ಹೊರಟಾಗ ನಕ್ಕವರಿದ್ದರಂತೆ. ಎತ್ತುಗಳು ನಗಲಿಲ್ಲ ಬಿಡಿ!

ಜೀಪು ಮಾತ್ರ ಹುಟ್ಟಿದ್ದೇ ಯುದ್ಧಕ್ಕೆ. 1940ರ ದಶಕದ ಕೊನೆಗೆ ಮಹೀಂದ್ರದವರು ವಿಲ್ಲಿಸ್ ಜೀಪು ಜೋಡಿಸತೊಡಗಿದರು. ಯುದ್ಧದ ಜೀಪಿನ 6.00-16 ಅಳತೆಯ ಟೈರಿನ ದಪ್ಪ ಹಲ್ಲುಗಳು ಮುಂದಕ್ಕೂ ಹಿಂದಕ್ಕೂ ಒಂದೇ ಥರ ಕಚ್ಚುವಂತಿದ್ದವು. ಹೂತುಕೊಂಡರೆ ರಿವರ್ಸ್‌ನಲ್ಲೇ ಹೊರಗೆ ಬರಬಹುದು. ಡಾಂಬರಿನಲ್ಲಿ ಮಾತ್ರ ಆ ಹಲ್ಲುಗಳಷ್ಟೇ ನೆಲಕ್ಕೆ ತಾಗೋದು. ಅದಕ್ಕೇ ಗುಂಯ್ ಸದ್ದು, ಬೇಗ ಸವೆತ, ಮಳೆಯಲ್ಲಿ ಬ್ರೇಕ್ ಒತ್ತಿದರೆ ಜಾರಿಕೆ. ಮಿಶೆಲಿನ್‌ನವರು 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರಿನ ಬದಿ ಮೆತ್ತಗೆ, ನೆಲ ಮುಟ್ಟುವ ಭಾಗ ಬಿಗಿ. ರಸ್ತೆಗೆ ಅದೇ ವಾಸಿ.

ನಮ್ಮ ಮನೆಯಲ್ಲಿ ಬಹಳ ದಿನ ಹಲ್ಲಿನ ಟೈರೇ ಇತ್ತು. ಒಂದು ಮಳೆಗಾಲ, ಹಳೇಬೀಡು ದಾಟಿದ ತಿರುವಿನಲ್ಲಿ ಜೀಪು ಅಡ್ಡ ತಿರುಗಿ ನಿಂತಿತು. ಹಿಂದೆ ಮಕ್ಕಳು ಕೂತಿದ್ದರು. ಮರುವಾರವೇ ನಡುಮಟ್ಟದ ಹಲ್ಲಿನ ರೇಡಿಯಲ್ ಹಾಕಿಸಿದೆವು. ತೋಟದ ಕಡಿದಾದ ಆ ಒಂದು ಏರಿಗೆ ಮಾತ್ರ ಈಗಲೂ ಚಕ್ರಕ್ಕೆ ಚೈನು ಕಟ್ಟುತ್ತೇವೆ.