ಆಜ್ಞೆ, ಅಕ್ಷರ, ಆಚರಣೆ

ಸಮಾಜಕ್ಕೆ ನ್ಯಾಯ ದೊರೆಯುವುದು ಶಾಸನದಿಂದಲೋ ಶಿಕ್ಷಣದಿಂದಲೋ ಎಂದು ಕೇಳುವವರು ಕೊಲ್ಹಾಪುರದ ಶಾಹೂ ಮಹಾರಾಜರ ಚರಿತ್ರೆಯನ್ನು ಅವಲೋಕಿಸಬೇಕು. 1902ರ ಜುಲೈ 26ರಂದು ಅವರು ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ಶೇಕಡ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಆದರೆ ಅಕ್ಷರವರಿಯದವನಿಗೆ ಹುದ್ದೆ ಕಾದಿರಿಸಿ ಫಲವೇನು? ಆದ್ದರಿಂದ ವೀರಶೈವ, ಜೈನ, ಮುಸಲ್ಮಾನ, ಅಸ್ಪೃಶ್ಯರೆನಿಸಿದವರು ಮೊದಲಾದವರ ಮಕ್ಕಳಿಗೆ ವಸತಿಗೃಹಗಳು ಅವರ ಆಶ್ರಯದಲ್ಲಿ ತಲೆಯೆತ್ತಿದವು. 1917ರಲ್ಲಿ ಉಚಿತ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಆಜ್ಞೆ ಹೊರಟಿತು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿಸಿ, ಎಲ್ಲ ಮಕ್ಕಳನ್ನೂ ಒಂದೇ ಶಾಲೆಗೆ ಸೇರಿಸಲು ಅಪ್ಪಣೆಯಾಯಿತು.

ಇಷ್ಟಾದರೂ ಜನರ ಮನಸ್ಸು ಕರಗಲಿಲ್ಲ. ದಲಿತ ಗಂಗಾರಾಮ ಕಾಂಬಳೆಯವರ ಚಹಾದಂಗಡಿಗೆ ಮೇಲ್ಜಾತಿಯವರು ಹೋಗಲೊಲ್ಲದಾಗ, ಮಹಾರಾಜರು ತಾವೇ ಅಲ್ಲಿ ಚಹಾ ಸೇವಿಸಿದರು.

ವಾಚಕರೇ, ಆಜ್ಞೆಯು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಕಾಲಿಡಬೇಕಾದವರು ನಾವು. ಅಂದು ಆ ಅಂಗಡಿಯ ಮುಂದೆ ನಾವಿದ್ದಿದ್ದರೆ ಒಳಹೋಗುತ್ತಿದ್ದೆವೇ?